ಕಪ್ಪತಗುಡ್ಡಕ್ಕೆ ಜನರನ್ನು ಕರೆಯುವ ಮುನ್ನ

ಮಾನ್ಯ ಸಂಪಾದಕರೇ,

ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲಿ ದೊಡ್ಡ ಸಿನಿಮಾವೊಂದರ ಚಿತ್ರೀಕರಣವಾದರೆ ಸಾಕು, ನಮ್ಮ ಭಾಗದ ದೆಸೆಯೇ ತಿರುಗುತ್ತದೆ ಎಂಬ ಮಾತು ಡಂಬಳದ ಚಹಾದಂಗಡಿಗಳಲ್ಲಿ ಈಚೆಗೆ ಜೋರಾಗಿದೆ. ಹಾಗೆ ವಾದಿಸುವವರಲ್ಲಿ ನಮ್ಮ ಕಾಕಾ ಮುಂಚೂಣಿಯಲ್ಲಿದ್ದಾರೆ. ‘ಸಿನಿಮಾ ನೋಡಿಯೇ ನ್ಯೂಜಿಲೆಂಡ್ ಸುತ್ತಿ ಬಂದವಳು ನೀನು, ನೀನೇ ಹೇಳವ್ವ’ ಎಂದು ನನ್ನನ್ನು ಸಾಕ್ಷಿಗೆ ಎಳೆಯುತ್ತಾರೆ. ಹೇಳುತ್ತೇನೆ. ಆದರೆ ಈ ಸಾಕ್ಷಿ ಕಾಕಾ ಬಯಸುವಂಥದ್ದಲ್ಲ.

ಮಣ್ಣು ವಿಜ್ಞಾನದ ಓದಿಗಾಗಿ ನಾನು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದಲ್ಲಿದ್ದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯ ಮೂರೂ ಚಿತ್ರಗಳನ್ನು ಧಾರವಾಡದ ಹಾಸ್ಟೆಲ್‌ನಲ್ಲಿ ಗೆಳತಿಯ ಲ್ಯಾಪ್‌ಟಾಪಿನಲ್ಲಿ ನೋಡಿ ನೋಡಿ ಸಂಭಾಷಣೆ ಬಾಯಿಪಾಠವಾಗಿತ್ತು. 2001ರಿಂದ 2003ರವರೆಗೆ ವರ್ಷಕ್ಕೊಂದರಂತೆ ತೆರೆಕಂಡ ಈ ಚಿತ್ರಗಳು ತಯಾರಾದದ್ದು ನ್ಯೂಜಿಲೆಂಡಿನಲ್ಲೇ. ಪ್ರವೇಶಪತ್ರ ಬಂದಾಗ ಮನೆಯವರಿಗೆ ಅಲ್ಲಿನ ಚಳಿ, ಊಟದ ಚಿಂತೆ. ನನಗೆ ಮಾಟಾಮಾಟಾ ಎಂಬ ಊರು ಹ್ಯಾಮಿಲ್ಟನ್‌ನಿಂದ ಎಷ್ಟು ದೂರ ಎಂಬುದರ ಚಿಂತೆ. ಸುಮಾರು ಒಂದು ಗಂಟೆಯ ದಾರಿ.

ಹಾಬಿಟ್ ಎಂಬ ಕುಳ್ಳ ಜನರ ಹಳ್ಳಿ ಇರುವುದು ಆ ಊರಿನ ಬಳಿಯ ಕುರಿ ಫಾರ್ಮ್ ಒಂದರಲ್ಲಿ. 1998ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಹೆಲಿಕಾಪ್ಟರ್‌ನಲ್ಲಿ ಜಾಗ ಹುಡುಕುತ್ತಿದ್ದಾಗ ಅಲೆಕ್ಸಾಂಡರ್ ಕುಟುಂಬದ ಈ ಜಮೀನು ಕಣ್ಣಿಗೆ ಬಿತ್ತು. ಒಳಕ್ಕೆ ರಸ್ತೆ ಹಾಕಲು ಆ ದೇಶದ ಸೈನ್ಯವೇ ನೆರವಾಯಿತು. ಮೊದಲು ಹಾಕಿದ್ದು ಬಿಚ್ಚಿ ಒಯ್ಯುವ ಸೆಟ್; ಈಗ ಇರುವುದು ಮುಂದಿನ ‘ದಿ ಹಾಬಿಟ್’ ಚಿತ್ರಗಳಿಗಾಗಿ ಗಟ್ಟಿಯಾಗಿ ಕಟ್ಟಿದ್ದು. ದಿನ್ನೆಗಳ ಮೈಯಲ್ಲಿ 44 ಮನೆಗಳು, ದುಂಡನೆಯ ಬಾಗಿಲುಗಳು. ನಾಯಕನ ಮನೆಯ ಮೇಲಿರುವ ಓಕ್ ಮರ ಮಾತ್ರ ಮರವೇ ಅಲ್ಲ, ಉಕ್ಕು ಮತ್ತು ಸಿಲಿಕೋನ್. ಎಲೆಗಳನ್ನು ಕೈಯಿಂದ ಒಂದೊಂದಾಗಿ ಅಂಟಿಸಿದ್ದಾರೆ. ಫಾರ್ಮಿನ ಕುರಿಗಳು ಸಿನಿಮಾಕ್ಕೆ ತೀರಾ ಹೊಸ ಕಾಲದವಾಗಿ ಕಂಡದ್ದರಿಂದ ಕಪ್ಪು ಮುಖದ ಬೇರೆ ಕುರಿಗಳನ್ನು ತರಿಸಿದರಂತೆ, ಗೈಡ್ ಹೇಳಿದ. ನಮ್ಮ ಶಿರಹಟ್ಟಿ ಕಡೆಯ ಕರಿ ಕುರಿಗಳನ್ನು ಆ ನಿರ್ದೇಶಕರು ನೋಡಿರಲಿಲ್ಲ, ಪಾಪ.

ಟಿಕೆಟ್ ದರ ನನ್ನ ವಾರದ ದಿನಸಿ ಖರ್ಚನ್ನು ಮೀರಿಸಿತ್ತು. ಆದರೂ ಅಲ್ಲಿ ನನ್ನ ಗಮನ ಹಿಡಿದದ್ದು ವ್ಯವಸ್ಥೆ. ಅವರದೇ ಬಸ್ಸಿನಲ್ಲಿ ಒಳಗೆ ಹೋಗಬೇಕು, ಗೈಡ್ ಜೊತೆಯಲ್ಲೇ ನಡೆಯಬೇಕು, ಮನಬಂದಲ್ಲಿ ಅಲೆಯುವಂತಿಲ್ಲ. ಬೇಲಿಯಾಚೆ ಕುರಿಗಳು ತಮ್ಮ ಪಾಡಿಗೆ ಮೇಯುತ್ತಿರುತ್ತವೆ. ಜನರಿಗೆಂದೇ ಕಟ್ಟಿದ ಜಾಗ ಅದು, ಎಷ್ಟು ಜನ ಬಂದರೂ ತಾಳಿಕೊಳ್ಳುತ್ತದೆ. ಬಣ್ಣ ಹೋದರೆ ಮತ್ತೆ ಬಳಿಯಬಹುದು.

ಬೆಟ್ಟದ ಮಾತು ಬೇರೆ. ಚಿತ್ರದಲ್ಲಿ ಉಂಗುರವನ್ನು ಎಸೆಯಬೇಕಾದ ಬೆಂಕಿಬೆಟ್ಟವಾಗಿ ಕಾಣುವುದು ಟೊಂಗರಿರೊ ರಾಷ್ಟ್ರೀಯ ಉದ್ಯಾನದ ನೌರುಹೋಯಿ ಎಂಬ ಜ್ವಾಲಾಮುಖಿ, ಎತ್ತರ 2,287 ಮೀಟರ್. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಿಗೆ ಅದು ಪವಿತ್ರ. 1887ರಲ್ಲಿ ತೂಫಾರೆಟೋವಾ ಬುಡಕಟ್ಟಿನ ಮುಖ್ಯಸ್ಥರು ಈ ಶಿಖರಗಳು ತುಂಡುತುಂಡಾಗಿ ಮಾರಾಟವಾಗದಿರಲಿ ಎಂದು ಸರ್ಕಾರದ ವಶಕ್ಕೆ ಕೊಟ್ಟರು. ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹಾಗೆ. ಸಿನಿಮಾ ಬಂದ ಮೇಲೆ ನನ್ನಂಥ ಅಭಿಮಾನಿಗಳು ದಂಡುಗಟ್ಟಿ ಹೋಗತೊಡಗಿದರು. ನೌರುಹೋಯಿಯ ಮೈ ಸಡಿಲ ಕಲ್ಲು ಮತ್ತು ಬೂದಿ. ಒಬ್ಬರು ಹತ್ತಿದರೆ ಹಿಂದಿನವರ ಮೇಲೆ ಕಲ್ಲು ಉರುಳುತ್ತದೆ, ಮಣ್ಣು ಜಾರುತ್ತದೆ. ಅಲ್ಲಿನ ಸಂರಕ್ಷಣಾ ಇಲಾಖೆ ಬುಡಕಟ್ಟಿನ ಹಿರಿಯರೊಂದಿಗೆ ಮಾತಾಡಿ ಶಿಖರದ ದಾರಿ ತೋರಿಸುವ ಫಲಕಗಳನ್ನೇ ಕಿತ್ತುಹಾಕಿತು. ದಯವಿಟ್ಟು ಶಿಖರ ಏರಬೇಡಿ, ಕೆರೆಗಳ ನೀರು ಮುಟ್ಟಬೇಡಿ ಎಂದು ಈಗ ವಿನಂತಿಸುತ್ತಾರೆ. ಉದ್ಯಾನದೊಳಗಿನ ಸುಮಾರು 20 ಕಿಲೋಮೀಟರ್‌ನ ಕಾಲುದಾರಿಯ ಆರಂಭದಲ್ಲಿ, ಜನ ಹೆಚ್ಚಾಗಿ ಬರುವ ತಿಂಗಳುಗಳಲ್ಲಿ, ವಾಹನ ನಿಲುಗಡೆಗೆ ನಾಲ್ಕು ಗಂಟೆಯ ಮಿತಿ ಹಾಕಿದರು. ನಡಿಗೆಗೆ ಏಳೆಂಟು ಗಂಟೆ ಬೇಕು. ಹಾಗಾಗಿ ಕಾರನ್ನು ಕೆಳಗೇ ಬಿಟ್ಟು ಊರಿನವರ ಬಾಡಿಗೆ ಬಸ್ಸಿನಲ್ಲಿ ಬರದೆ ಗತ್ಯಂತರವಿಲ್ಲ.

ಆ ಶಿಖರ ಹತ್ತಬೇಕೆಂಬುದು ನನ್ನ ಹಳೆಯ ಆಸೆಯಾಗಿತ್ತು. ನಮ್ಮ ಪ್ರಯೋಗಾಲಯದ ಮಾವೊರಿ ಗೆಳತಿಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. ಬೆಟ್ಟ ತಮ್ಮ ಪೂರ್ವಜ, ಹಿರಿಯರ ತಲೆಯ ಮೇಲೆ ಯಾರೂ ಕಾಲಿಡುವುದಿಲ್ಲವಲ್ಲ ಎಂದಳು, ಅಷ್ಟೇ. ನಮ್ಮ ತಂಡದಲ್ಲಿ ಇಬ್ಬರು ಗೊಣಗಿದರು. ನಾವೆಲ್ಲ ಕೆಳಗಿನ ದಾರಿಯಲ್ಲೇ ನಡೆದೆವು. ಅಲ್ಲಿಂದ ಕಾಣುವ ನೌರುಹೋಯಿ ಸಿನಿಮಾದಲ್ಲಿದ್ದುದಕ್ಕಿಂತ ಚೆಂದ, ಇದನ್ನು ಯಾರ ಎದುರೂ ವಾದಿಸಬಲ್ಲೆ.

ಈಗ ನಮ್ಮ ಗುಡ್ಡಕ್ಕೆ ಬರುತ್ತೇನೆ. ಕಪ್ಪತಗುಡ್ಡಕ್ಕಿದ್ದ ಸಂರಕ್ಷಿತ ಸ್ಥಾನ ಹೋದಾಗ ಅದನ್ನು ಮರಳಿ ಪಡೆಯಲು ಗದುಗಿನ ತೋಂಟದ ಸಿದ್ಧಲಿಂಗ ಶ್ರೀಗಳ ಮುಂದಾಳತ್ವದಲ್ಲಿ 2017ರಲ್ಲಿ ಜನ ಬೀದಿಗಿಳಿದದ್ದು ನಿಮ್ಮ ಓದುಗರಿಗೆ ನೆನಪಿರಬಹುದು. 2019ರಲ್ಲಿ ಅದು ವನ್ಯಜೀವಿ ಅಭಯಾರಣ್ಯವಾಯಿತು. ಅಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಲ್ಲಿ ಕ್ಯಾಮೆರಾ ಹಿಡಿದು ಸಿನಿಮಾ ತೆಗೆಯಲು ಅನುಮತಿ ಬೇಕು. ಚಹಾದಂಗಡಿಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ಸಿನಿಮಾ ಬಾರದೆಯೂ ಮೊಬೈಲ್ ವಿಡಿಯೊಗಳೇ ಸಾಕಷ್ಟು ಕೆಲಸ ಮಾಡಿವೆ. ಮಳೆಗಾಲದ ಭಾನುವಾರ ಗುಡ್ಡದ ಮೇಲಿನ ಗಾಳಿಗುಂಡಿಯ ಕಡೆ ಹೋಗಿ ನೋಡಿ: ಸಾಲುಗಟ್ಟಿದ ಕಾರು, ಬೈಕು, ಹುಲ್ಲಿನೊಳಗೆ ಕುರುಕಲು ತಿಂಡಿಯ ಪೊಟ್ಟಣ, ಒಡೆದ ಬಾಟಲಿ. ತಗ್ಗಿನಲ್ಲಿ ಹಸಿರನ್ನು ಸೀಳಿಕೊಂಡು ಹೋದ ಗಾಲಿಗಳ ಗುರುತು ಮುಂದಿನ ಮಳೆಗೆ ಕೊರಕಲಾಗುತ್ತದೆ. ಆ ಕೆಂಪು ಮಣ್ಣು ತೆಳು. ಒಮ್ಮೆ ಕೊಚ್ಚಿಹೋದರೆ ಔಷಧಿ ಗಿಡಗಳಿಗೆ ಬೇರೂರಲು ಏನೂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಬೀಡಿ ತುಂಡು ಸಾಕು.

ಜನ ಬರಲೇಬಾರದು ಎಂದು ನಾನು ಹೇಳುತ್ತಿಲ್ಲ. ಪ್ರವಾಸಿಗರನ್ನು ಬೈಯುವ ಅಧಿಕಾರ ನನಗಂತೂ ಇಲ್ಲ. ಸಿನಿಮಾದವರನ್ನು, ವಿಡಿಯೊ ಮಾಡುವವರನ್ನು ಲಕ್ಕುಂಡಿಯ ಗುಡಿ, ಬಾವಿಗಳಿಗೆ, ನಮ್ಮೂರಿನ ದೊಡ್ಡಬಸಪ್ಪನ ಗುಡಿಗೆ, ಡಂಬಳದ ಕೆರೆಯ ದಂಡೆಗೆ ಕರೆಯೋಣ. ನಕ್ಷತ್ರದಂತೆ ಮೂಲೆ ಮೂಲೆಯಾಗಿ ತಿರುಗುವ ದೊಡ್ಡಬಸಪ್ಪನ ಗುಡಿಯ ಗೋಡೆಯ ಮುಂದೆ ಯಾವ ಸೆಟ್ಟು ನಿಂತೀತು? ರಕ್ಷಿತ ಸ್ಮಾರಕಗಳಿಗೂ ಅನುಮತಿಯ ನಿಯಮಗಳಿವೆ, ಇರಲಿ. ಊರ ನಡುವಿನ ಗುಡಿಗೆ ಜನ ಬಂದರೆ ಅಂಗಡಿಯವರಿಗೂ ನಾಲ್ಕು ಕಾಸು ಸಿಗುತ್ತದೆ.

ಗುಡ್ಡದ ಮೇಲೆ ಮಾತ್ರ ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದ ಮುಂದೆ ಕೂಡದು ಎಂಬುದು ಮೊದಲು ತೀರ್ಮಾನವಾಗಲಿ. ಆ ಸಭೆಗೆ ಅರಣ್ಯ ಇಲಾಖೆಯ ಜೊತೆ ಡೋಣಿ, ಡಂಬಳದಂಥ ಬುಡದ ಊರುಗಳ ಕುರಿಗಾಹಿಗಳನ್ನೂ, ಗಿಡಮೂಲಿಕೆ ಬಲ್ಲ ಹಿರಿಯರನ್ನೂ ಕರೆಯಬೇಕು. ರಜಾದಿನಗಳಲ್ಲಿ ಖಾಸಗಿ ವಾಹನಗಳನ್ನು ಕೆಳಗೇ ನಿಲ್ಲಿಸಿ ಮಿನಿಬಸ್ ಓಡಿಸಲಿ. ಅದರ ಚಾಲಕರು, ಗೈಡುಗಳು ಇದೇ ಊರುಗಳ ಹುಡುಗ ಹುಡುಗಿಯರಾಗಿರಲಿ. ಪ್ಲಾಸ್ಟಿಕ್ ಬಾಟಲಿಗೆ ಠೇವಣಿ ಇರಿಸಿಕೊಂಡು, ಖಾಲಿ ಬಾಟಲಿ ಮರಳಿ ತಂದವರಿಗೆ ಹಣ ವಾಪಸು ಕೊಡಬಹುದು. ಇದಾವುದಕ್ಕೂ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. ಆದರೆ ಮುಂಗಾರು ಹಿಡಿಯುವ ಮೊದಲೇ ಆಗಬೇಕು. ಜುಲೈಯಲ್ಲಿ ಸಭೆ ಸೇರಿದರೆ ಅಷ್ಟರಲ್ಲಿ ಹುಬ್ಬಳ್ಳಿಯ ಕಾರುಗಳು ಗಾಳಿಗುಂಡಿ ತಲುಪಿರುತ್ತವೆ.

ಇಂತಿ,
ಡಂಬಳದ ಓದುಗಾರ್ತಿ, ಮುಂಡರಗಿ ತಾಲ್ಲೂಕು