ಬಿಳಿ ಹುಳು ಕಂಡ ಕೂಡಲೇ ಹೊಸಕಬೇಡಿ

ಎಲ್ಲರಿಗೂ ನಮಸ್ಕಾರ. ದಾಸವಾಳಕ್ಕೆ ಹಿಟ್ಟು ತಿಗಣೆ (ಗಿಡದ ರಸ ಹೀರುವ ಬಿಳಿ ಕೀಟ) ಬಂದಿದೆ ಅಂತ ಈ ವಾರ ತುಂಬಾ ಜನ ಫೋಟೊ ಹಾಕಿದ್ದೀರಿ. ಅದರಲ್ಲಿ ಎರಡು ಫೋಟೊದಲ್ಲಿರುವುದು ತಿಗಣೆ ಅಲ್ಲವೇ ಅಲ್ಲ. ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ! ಮೈತುಂಬ ಬಿಳಿ ಮೇಣದ ಎಳೆ ಇರುವುದರಿಂದ ಮೋಸ ಹೋಗುತ್ತೇವೆ. ಹೋದ ವರ್ಷ ನಾನೂ ಸುಮ್ನೆ ಒಂದಷ್ಟನ್ನು ಹೊಸಕಿ ಹಾಕಿದ್ದೆ.

ಬಲಿತ ಮರಿ ತಿಗಣೆಗಿಂತ ದೊಡ್ಡದು, ಎಳೆಗಳು ಉದ್ದ, ಮುಟ್ಟಿದರೆ ಚುರುಕಾಗಿ ಓಡುತ್ತದೆ. ಬೆಳೆದ ಹುಳುವಿಗೆ ಕಪ್ಪು ಬೆನ್ನು, ಕಿತ್ತಳೆ ತಲೆ. ಆಸ್ಟ್ರೇಲಿಯಾದ ಈ ಹುಳುವನ್ನು 1898ರಲ್ಲೇ ನಮ್ಮ ದೇಶಕ್ಕೆ ತಂದರು. ಇಂಥ ಹುಳುಗಳ ಮೇಲೆ ಕೆಲಸ ಮಾಡುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಬೆಂಗಳೂರಿನಲ್ಲೇ ಇದೆ, ಅಲ್ಲಿ ವಿಚಾರಿಸಬಹುದು.

ಇರುವೆ ಸಾಲು ಇದ್ದರೆ ಮೊದಲು ಅದನ್ನು ತಡೆಯಿರಿ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅದಕ್ಕೆ ಕಾವಲು ನಿಂತು ಗುಲಗಂಜಿ ಹುಳುವನ್ನು ಓಡಿಸುತ್ತವೆ. ನೀರಿನ ತಟ್ಟೆಯಲ್ಲಿ ಇಟ್ಟಿಗೆ ಇಟ್ಟು, ಅದರ ಮೇಲೆ ಕುಂಡ ಕೂರಿಸಿ. ಸೊಳ್ಳೆ ಆಗದಂತೆ ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಮರಿ ಓಡಾಡುವ ಗಿಡಕ್ಕೆ ಸದ್ಯ ಬೇವಿನೆಣ್ಣೆಯನ್ನೂ ಹೊಡೆಯಬೇಡಿ.

ಅನುಮಾನ ಇದ್ದರೆ ಹತ್ತಿರದಿಂದ ಫೋಟೊ ತೆಗೆದು ಇಲ್ಲೇ ಹಾಕಿ, ನೋಡೋಣ.