ಬಾಜೂ ಮನಿ ಅಕ್ಕಿ ಬಂದಾಳ: ಮಗಳಿಗೊಂದು ಪತ್ರ

ಧಾರವಾಡ,
ಸೋಮವಾರ ಮಧ್ಯಾಹ್ನ

ಚಿರಂಜೀವಿ ಮಗಳಿಗೆ ಆಯಿಯ ಆಶೀರ್ವಾದಗಳು.

ಇತ್ತ ನಾವಿಬ್ಬರೂ ಕ್ಷೇಮ. ಶನಿವಾರ ನೀನು ಜರ್ಮನಿಯ ಸ್ಟುಟ್‌ಗಾರ್ಟಿನಿಂದ ಫೋನಿನಲ್ಲಿ ಜರ್ಮನ್ ಪರೀಕ್ಷೆಯ ಸುದ್ದಿ ಹೇಳಿದಾಗ ನಾನು ಹೆಚ್ಚು ಮಾತನಾಡಲಿಲ್ಲ. ಆಡಿದ್ದರೆ ಬರೀ ಸಮಾಧಾನದ ಮಾತುಗಳು ಬರುತ್ತಿದ್ದವು, ಅವು ಆ ಹೊತ್ತಿಗೆ ನಿನಗೆ ಬೇಕಾಗಿರಲಿಲ್ಲ. ಓದುವುದು, ಕೇಳುವುದು, ಬರೆಯುವುದು ಈ ಮೂರರಲ್ಲಿಯೂ ಪಾಸಾಗಿ, ಮಾತನಾಡುವ ಭಾಗವೊಂದರಲ್ಲಿ ಮಾತ್ರ ಉಳಿದೆಯಂತೆ. "ಮೂವತ್ತೊಂದನೇ ವಯಸ್ಸಿಗೆ ಮತ್ತ ಒಂದನೇ ಇಯತ್ತೆಗೆ ಕೂತಂಗಾಗೇದ, ಆಯಿ" ಎಂದು ನೀನು ನಕ್ಕ ನಗೆ ನನ್ನ ಕಿವಿಯಲ್ಲಿ ಇನ್ನೂ ಇದೆ. ಅದು ನನಗೆ ಹಳೆಯ ಪರಿಚಯದ ನಗೆ. 1984ರಲ್ಲಿ ಮಹಾರಾಷ್ಟ್ರದ ಮೀರಜದಿಂದ ಲಗ್ನವಾಗಿ ಮಾಳಮಡ್ಡಿಯ ಈ ಮನೆಗೆ ಬಂದ ಮೊದಲ ಎರಡು ವರ್ಷ ನಾನು ದಿನಕ್ಕೆ ಹತ್ತು ಸಲವಾದರೂ ಅದೇ ನಗೆ ನಗುತ್ತಿದ್ದೆ.

ನಿನಗೆ ಇದನ್ನು ಪೂರ್ತಿಯಾಗಿ ಎಂದೂ ಹೇಳಿಲ್ಲ. ನೀನು ಹುಟ್ಟುವ ಹೊತ್ತಿಗೆ ನಾನು ಓಣಿಯ ಹೆಂಗಸರೊಡನೆ ಕನ್ನಡದಲ್ಲಿಯೇ ಜಗಳವಾಡುವಷ್ಟು ಕಲಿತಿದ್ದೆನಾದ್ದರಿಂದ, ಆಯಿಗೆ ಕನ್ನಡ ಮೊದಲಿನಿಂದಲೂ ಬರುತ್ತಿತ್ತೆಂದೇ ನೀನು ತಿಳಿದಿರಬೇಕು. ಇಪ್ಪತ್ತೆರಡನೆಯ ವಯಸ್ಸಿನವರೆಗೆ ನನಗೆ ಕನ್ನಡದ ಒಂದು ಅಕ್ಷರವೂ ಗೊತ್ತಿರಲಿಲ್ಲ. 1956ರವರೆಗೆ ಧಾರವಾಡ ಮುಂಬಯಿ ರಾಜ್ಯದಲ್ಲಿದ್ದುದರಿಂದ ನಿನ್ನ ಅಜ್ಜನ ವಾರಿಗೆಯವರಿಗೆಲ್ಲ ಮರಾಠಿ ಚೆನ್ನಾಗಿ ಬರುತ್ತಿತ್ತು. ಅವರು ಕನಿಕರದಿಂದ ನನ್ನೊಡನೆ ಮರಾಠಿಯಲ್ಲಿಯೇ ಮಾತನಾಡುತ್ತಿದ್ದರು. ನಿನ್ನ ಅಜ್ಜಿ ಮಾತ್ರ ಹಠ ಹಿಡಿದು ಕನ್ನಡ ಬಿಟ್ಟು ಬೇರೆ ಮಾತು ಆಡಲಿಲ್ಲ. ಆಗ ಅವರ ಮೇಲೆ ಬಹಳ ಸಿಟ್ಟಿತ್ತು. ಈಗ ನೋಡಿದರೆ ಮಾವನವರ ಕನಿಕರಕ್ಕಿಂತ ಅತ್ತೆಯವರ ಹಠವೇ ನನ್ನ ಉಪಯೋಗಕ್ಕೆ ಬಂತು.

ಒಂದು ದಿನ ಮುಂಜಾನೆ ಪಕ್ಕದ ಮನೆಯಾಕೆ ಹೆಪ್ಪಿಗೆಂದು ಮೊಸರು ಕೇಳಲು ಬಂದು ಬಾಗಿಲಲ್ಲಿ ನಿಂತಳು. ಅತ್ತೆಯವರು ಹಿತ್ತಲಲ್ಲಿದ್ದರು. ನಾನು ಬಹಳ ಹುರುಪಿನಿಂದ, ಒಂದು ಪೂರಾ ವಾಕ್ಯ ಜೋಡಿಸಿಕೊಂಡು, "ಅತ್ತೀ, ಬಾಜೂ ಮನಿ ಅಕ್ಕಿ ಬಂದಾಳ!" ಎಂದು ಕೂಗಿದೆ. ಹಿತ್ತಲಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಎಷ್ಟು ಕಿಲೋ ಬಂದಾಳವಾ?" ಎಂಬ ಪ್ರಶ್ನೆ ಬಂತು. ಬಾಗಿಲಲ್ಲಿದ್ದಾಕೆ ಬಟ್ಟಲು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಕಿಗೂ ಅಕ್ಕಿಗೂ ನಡುವೆ ಇರುವ ಒಂದು ಒತ್ತಕ್ಷರ ನನ್ನ ಮರಾಠಿ ಕಿವಿಗೆ ಕೇಳಿಸುತ್ತಲೇ ಇರಲಿಲ್ಲ. ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ಆ ಹೆಂಗಸು ಮುಂದೆ ನನಗೆ ಬಹಳ ಬೇಕಾದವಳಾದಳು, ನನ್ನನ್ನು ಕರೆಯುತ್ತಿದ್ದುದು ಮಾತ್ರ ಕೊನೆಯವರೆಗೂ "ಏ ಅಕ್ಕಿ" ಎಂದೇ.

ನೀನು ನಿಮ್ಮ ಕೆಳಮನೆಯ ಐದು ವರ್ಷದ ಹುಡುಗನಿಗೆ, ದೊಡ್ಡವರಿಗೆ ಹೇಳುವ 'ಝೀ' ಹಚ್ಚಿ "ತಾವು ಹೇಗಿದ್ದೀರಿ" ಎಂದು ಕೇಳಿದ್ದನ್ನು ಹೇಳಿದಾಗ ನಾನು ಅಷ್ಟೊಂದು ನಕ್ಕದ್ದಕ್ಕೆ ಕಾರಣವಿತ್ತು. ಮನೆಯಲ್ಲಿ ಎಲ್ಲರಿಗಿಂತ ಕಿರಿಯಳಾಗಿದ್ದ ನನಗೆ ಬರುತ್ತಿದ್ದುದು 'ರೀ' ಹಚ್ಚಿದ ಮಾತುಗಳು ಮಾತ್ರ. ಅಂಗಳಕ್ಕೆ ನುಗ್ಗಿದ ಬೀದಿನಾಯಿಗೆ "ಹೋಗ್ರಿ, ಹೋಗ್ರಿ" ಎಂದು ಕೈಬೀಸಿದವಳು ನಾನು. ಆ ನಾಯಿ ಗೌರವ ಉಳಿಸಿಕೊಂಡು ನಿಧಾನವಾಗಿಯೇ ಹೋಯಿತು.

ಈಗ ಪರೀಕ್ಷೆಯ ಮಾತಿಗೆ ಬರುತ್ತೇನೆ. ಬೇಕರಿಯಲ್ಲಿ ನೀನು ಜರ್ಮನ್ ಭಾಷೆಯಲ್ಲಿ ಬಾಯಿ ತೆರೆದ ಕೂಡಲೇ ಅಲ್ಲಿಯ ಹೆಂಗಸು ಇಂಗ್ಲಿಷಿಗೆ ಹೊರಳುತ್ತಾಳೆ, ಆಫೀಸಿನಲ್ಲಿಯೂ ಹಾಗೆಯೇ, ಆದ್ದರಿಂದ ಬಾಯಿ ಪಳಗಲಿಲ್ಲ ಎಂಬುದು ನಿನ್ನ ವಾದ. ವಾದ ಸುಳ್ಳಲ್ಲ. ಆಗ ಇಲ್ಲಿ ಧಾರವಾಡದಲ್ಲಿ, ಸೂಪರ್ ಮಾರ್ಕೆಟ್ ಎಂದು ಕರೆಯುವ ಪೇಟೆಯ ಕಾಯಿಪಲ್ಯೆಯ ಮುದುಕಿಯೂ ನನ್ನ ಮೊದಲ ಶಬ್ದಕ್ಕೇ ಗುರುತು ಹಿಡಿದು, ಮೆಂತ್ಯೆಯ ಸಿವುಡಿನ ಬೆಲೆಯನ್ನು ಮರಾಠಿಯಲ್ಲಿ ಹೇಳುತ್ತಿದ್ದಳು. ಮೂರು ತಿಂಗಳು ಅದನ್ನೇ ನೆಪ ಮಾಡಿಕೊಂಡು ಆರಾಮಾಗಿದ್ದೆ. ಕೊನೆಗೊಂದು ದಿನ, "ಅವ್ವಾ, ನನ್ನ ಕೂಡ ಕನ್ನಡದಾಗ ಮಾತಾಡ, ನಾ ಕಲೀಬೇಕಾಗೇದ" ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿ ಒಪ್ಪಿಸಿದೆ. ಆಕೆ ತಕ್ಕಡಿ ಕೆಳಗಿಟ್ಟು ನನ್ನ ಮುಖ ನೋಡಿದಳು. ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ಒಂದೊಂದು ಸೊಪ್ಪನ್ನು ಕೈಯಲ್ಲಿ ಎತ್ತಿಹಿಡಿದು, "ಇದೇನು?" ಎಂದು ಕೇಳುವಳು, ಹಕ್ಕರಕಿ, ಪುಂಡಿ, ರಾಜಗಿರಿ ಎಂದು ಸರಿಯಾಗಿ ಹೇಳಿದರೆ ನಾಲ್ಕು ಎಸಳು ಕೊತ್ತಂಬರಿ ಹೆಚ್ಚು. ನಿನ್ನ ಬೇಕರಿಯ ಹೆಂಗಸಿಗೂ "ಬಿಟ್ಟೆ ಔಫ್ ಡಾಯ್ಚ್, ಇಷ್ ಲೇರ್ನೆ ನೋಖ್" (ದಯವಿಟ್ಟು ಜರ್ಮನ್ನಿನಲ್ಲಿ ಹೇಳಿ, ನಾನಿನ್ನೂ ಕಲಿಯುತ್ತಿದ್ದೇನೆ) ಎಂದು ಒಮ್ಮೆ ಬಾಯಿಬಿಟ್ಟು ಕೇಳಿ ನೋಡು. ನೀನು ಬಿಟ್ಟುಹೋದ ಪುಸ್ತಕವನ್ನು ಹಿಡಿದು ಎಂಟು ತಿಂಗಳಿಂದ ಮಧ್ಯಾಹ್ನಗಳಲ್ಲಿ ಕುಳಿತಿದ್ದೇನೆ. ಈ ವಾಕ್ಯ ಅದರಿಂದಲೇ ಹೆಕ್ಕಿದ್ದು, ತಪ್ಪಿದ್ದರೆ ತಿದ್ದು.

ಆ ಪುಸ್ತಕದ ಅಂಚಿನಲ್ಲಿ ನೀನು ಬರೆದುಕೊಂಡ ಟಿಪ್ಪಣಿಗಳೆಲ್ಲ ಇಂಗ್ಲಿಷಿನಲ್ಲಿವೆ. ನನಗೆ ನಿನ್ನೊಡನೆ ತಕರಾರಿರುವುದು ಇಲ್ಲಿಯೇ. ಬಸ್ಸಿನಲ್ಲಿ ಪಕ್ಕದಾಕೆಗೆ ನಿನಗೆ ಚಳಿಯಾಗುತ್ತಿದೆ ಎಂದು ಹೇಳಲು ಹೋಗಿ "ಇಷ್ ಬಿನ್ ಕಾಲ್ಟ್" ಎಂದದ್ದು, ಅದಕ್ಕೆ ನನ್ನ ಸ್ವಭಾವವೇ ತಣ್ಣಗಿನದು ಎಂಬ ಅರ್ಥವಾಗಿ ಆಕೆ ಗಾಬರಿಯಾದದ್ದು, ಇದೆಲ್ಲ ಎಲ್ಲಿಂದ ಬಂತು? ಇಂಗ್ಲಿಷಿನ ವಾಕ್ಯವನ್ನು ಎತ್ತಿ ಇಟ್ಟದ್ದರಿಂದ. ಅವರ ಮಾತು "ಮಿರ್ ಇಸ್ಟ್ ಕಾಲ್ಟ್", ಎಂದರೆ ಮೊದಲ ಶಬ್ದವೇ 'ನನಗೆ'. ಕನ್ನಡದಲ್ಲಿ ನಾವು 'ನನಗೆ ಚಳಿ' ಎನ್ನುತ್ತೇವೆ, ಮರಾಠಿಯಲ್ಲಿ 'ಮಲಾ ಥಂಡಿ'. ಚಳಿ ನಮಗೆ ಬಂದು ತಾಕುತ್ತದೆ, ನಾವೇ ಚಳಿಯಾಗುವುದಿಲ್ಲ. ಹುಟ್ಟಿನಿಂದ ಬಾಯಲ್ಲಿದ್ದದ್ದನ್ನು ಬಿಟ್ಟು ಸುತ್ತುಬಳಸಿ ಹೋದದ್ದಕ್ಕೆ ನಿನಗೆ ಎಡವಿತು.

ಇಪ್ಪತ್ತೊಂದು ಎನ್ನಲು ಅವರು 'ಒಂದು ಮತ್ತು ಇಪ್ಪತ್ತು' ಎನ್ನುತ್ತಾರೆ, ಫೋನ್ ನಂಬರ್ ಬರೆದುಕೊಳ್ಳುವಾಗ ತಲೆ ತಿರುಗುತ್ತದೆ ಎಂದು ನೀನು ಗೊಣಗಿದ್ದೆ. ಮೀರಜದ ಅಜ್ಜಿಯ ಮನೆಯಲ್ಲಿ ಪಗಡೆ ಆಡುವಾಗ ಏಕವೀಸ, ಬಾವೀಸ, ತೇವೀಸ ಎಂದು ಎಣಿಸುತ್ತಿದ್ದೆಯಲ್ಲ, ಅಲ್ಲಿಯೂ ಬಿಡಿಯೇ ಮುಂದು, ಹತ್ತು ಹಿಂದು. ವಾಕ್ಯದ ಕೊನೆಯವರೆಗೂ ಕ್ರಿಯಾಪದಕ್ಕಾಗಿ ಕಾಯಬೇಕು ಎಂಬ ನಿನ್ನ ಇನ್ನೊಂದು ದೂರನ್ನು ಕೇಳಿ ಮಾತ್ರ ನನಗೆ ನಗೆ ತಡೆಯಲಾಗಲಿಲ್ಲ. 'ಏಕೆಂದರೆ' ಎಂಬ ಅರ್ಥದ 'ವೈಲ್' ಶಬ್ದ ಬಂದಾಗ ಅವರ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ, ಅಷ್ಟೇ. ನಾವು ಕನ್ನಡದವರು ಜೀವಮಾನವಿಡೀ ಅದಕ್ಕಾಗಿ ಕಾದು ಕುಳಿತವರು.

ಶಬ್ದ ಗಂಡೋ, ಹೆಣ್ಣೋ, ನಪುಂಸಕವೋ ಎಂದು ತೋರಿಸಲು ಅವರು ಮುಂದೆ ಹಚ್ಚುವ ಡೆರ್, ಡೀ, ಡಾಸ್ ಕಷ್ಟ, ಒಪ್ಪುತ್ತೇನೆ. ಕನ್ನಡದಲ್ಲಿ ಮನುಷ್ಯರು ಮತ್ತು ದೇವರುಗಳನ್ನು ಬಿಟ್ಟರೆ ಉಳಿದದ್ದೆಲ್ಲ 'ಅದು', ಎಷ್ಟು ಸುಖ. ಮರಾಠಿಯಲ್ಲಿ ಕುರ್ಚಿ ಹೆಣ್ಣು, ಟೇಬಲ್ ನಪುಂಸಕ. ಜರ್ಮನ್ನಿನಲ್ಲಿ ಎರಡೂ ಗಂಡು. ಮರಾಠಿಯ ಬಾಗಿಲು ನಪುಂಸಕ, ಖಿಡಕಿ ಹೆಣ್ಣು; ಅವರಲ್ಲಿ ಸರಿಯಾಗಿ ತಿರುಗಾಮುರುಗಾ. ಹುಡುಗಿ ಎಂಬ ಅರ್ಥದ 'ಮೇಡ್‌ಶೆನ್' ನಪುಂಸಕ ಎಂದು ನೀನು ಸಿಟ್ಟಾಗಿದ್ದೆ. ಅದು ಹುಡುಗಿಯರ ಮೇಲಿನ ತಾತ್ಸಾರವಲ್ಲ, 'ಶೆನ್' ಎಂಬ ಚಿಕ್ಕದೆನ್ನುವ ಬಾಲ ಹತ್ತಿದ ಶಬ್ದಗಳೆಲ್ಲ ಅವರಲ್ಲಿ ನಪುಂಸಕವೇ. ನಮ್ಮ 'ಕೂಸು ಅಳತದ' ಎನ್ನುವ ಮಾತಿನಲ್ಲಿರುವ ಮುದ್ದು ಅದರಲ್ಲಿಯೂ ಇರಬಹುದೆಂದು ನನಗೆ ಅನಿಸುತ್ತದೆ. ಇಷ್ಟರ ಮೇಲೂ ಲಿಂಗಗಳನ್ನು ಬಾಯಿಪಾಠ ಮಾಡದೆ ಗತಿಯಿಲ್ಲ.

ಧೈರ್ಯ ಹೇಳಬಂದವರೆಲ್ಲ ನನಗೆ ಆಗ ಬೇಂದ್ರೆಯವರ ಉದಾಹರಣೆ ಕೊಡುತ್ತಿದ್ದರು: ಅವರ ಮನೆಮಾತೂ ಮರಾಠಿಯೇ, ನೋಡು ಎಂದು. ಆ ಉದಾಹರಣೆ ನನಗೆ ಎಂದೂ ಹಿಡಿಸಲಿಲ್ಲ. ಧಾರವಾಡದ ಓಣಿಗಳಲ್ಲಿ ಕನ್ನಡ ಕೇಳುತ್ತಲೇ ಬೆಳೆದವರಿಗೂ, ಲಗ್ನವಾಗಿ ಬಂದು ಇಳಿದವಳಿಗೂ ಏನು ಹೋಲಿಕೆ? ನನಗೆ ಹೊಂದುವ ಉದಾಹರಣೆ ಕಿಟೆಲ್ ಸಾಹೇಬರದು. 1853ರಲ್ಲಿ ಇಪ್ಪತ್ತೊಂದು ವಯಸ್ಸಿನ ಫರ್ಡಿನಾಂಡ್ ಕಿಟೆಲ್ ಬಾಸೆಲ್ ಮಿಷನ್ನಿನಿಂದ ಈ ಕಡೆ ಬಂದಾಗ ಅವರೂ ಕನ್ನಡಕ್ಕೆ ಹೊಸಬರು. ನಮ್ಮ ಧಾರವಾಡದಲ್ಲಿಯೂ ಕೆಲಕಾಲ ಇದ್ದರು. ಸುಮಾರು 70,000 ಶಬ್ದಗಳ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ, ನಲವತ್ತೊಂದು ವರ್ಷಗಳ ಮೇಲೆ. ಅದರಲ್ಲಿ ಗಾದೆಗಳು ಕಂಡಾಗಲೆಲ್ಲ ನನಗೆ ಅನಿಸುವುದಿದೆ, ಗಾದೆ ಹೇಳುವವರ ಕಟ್ಟೆಯ ಮೇಲೆ ಕೂತು, ಅವರು ನಕ್ಕರೂ ಎದ್ದು ಹೋಗದವನಿಗೆ ಮಾತ್ರ ಇವು ಸಿಕ್ಕಾವು ಎಂದು. ಅವರು ತೀರಿಕೊಂಡದ್ದು 1903ರಲ್ಲಿ, ಟ್ಯೂಬಿಂಗೆನ್ನಿನಲ್ಲಿ. ನಿನ್ನ ಸ್ಟುಟ್‌ಗಾರ್ಟಿನಿಂದ ರೈಲು ಹತ್ತಿದರೆ ದೂರವೇನಿಲ್ಲವೆಂದು ನೀನೇ ಹೇಳಿದ್ದೆ. ಬಿಡುವಾದಾಗ ಹೋಗಿ ಬಾ.

ಕ್ಲಾಸಿನಲ್ಲಿ ಕಲಿಸುವ ಜರ್ಮನ್ ಒಂದು, ಅಲ್ಲಿಯ ಜನ ಆಡುವ ಶ್ವಾಬಿಯ ಕಡೆಯ ಮಾತು ಇನ್ನೊಂದು ಎಂದೂ ನಿನಗೆ ಬೇಸರವಿದೆ. ನಾನು ಅಂಕಲಿಪಿಯ ಪುಸ್ತಕದಿಂದ 'ಹೋಗುತ್ತೇನೆ' ಕಲಿತು ಹೊರಗೆ ಬಂದರೆ ಓಣಿಯವರೆಲ್ಲ 'ಹೊಕ್ಕೀನಿ' ಎನ್ನುತ್ತಿದ್ದರು. ಪುಸ್ತಕದ ಕನ್ನಡದಿಂದ ಆಕಾಶವಾಣಿಯ ವಾರ್ತೆ ತಿಳಿಯಿತು, ಬಸ್ಸಿನ ಮೇಲಿನ 'ಕರ್ನಾಟಕ ಸಾರಿಗೆ' ಓದಲು ಬಂತು. ಅದರಲ್ಲಿಯ ಅರ್ಕಾವತ್ತನ್ನು ಬಹಳ ದಿನ ಒಂಬತ್ತರ ಅಂಕಿ ಎಂದೇ ತಿಳಿದು, ಹೆಸರಿನ ನಡುವೆ ಒಂಬತ್ತು ಏಕೆ ಬಂತೆಂದು ಚಿಂತಿಸಿದ್ದೆ. ಆದರೆ ಹೆಂಗಸರು ನನ್ನನ್ನು ಹತ್ತಿರ ಕೂರಿಸಿಕೊಂಡದ್ದು 'ಹೊಕ್ಕೀನಿ' ಬಂದ ಮೇಲೆಯೇ. ಎರಡೂ ಬೇಕು, ಪರೀಕ್ಷೆಗೆ ಒಂದು, ಬೇಕರಿಗೆ ಇನ್ನೊಂದು.

ಶಬ್ದ ಗೊತ್ತಾದರೂ ಅದರ ಹಿಂದಿನ ಬದುಕು ಕಾಣದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ ಬರೆಯುತ್ತೇನೆ. ಮೊದಲ ವರ್ಷದ ಎಳ್ಳಮಾವಾಸ್ಯೆಗೆ ಅತ್ತೆಯವರು "ನಾಳೆ ನವಲಗುಂದದ ಹೊಲಕ್ಕ ಚರಗ ಚೆಲ್ಲಾಕ ಹೋಗೂದದ" ಎಂದರು. ನನಗೆ ಗೊತ್ತಿದ್ದುದು ಚರಿಗಿ. ಮರುದಿನ ಹಿತ್ತಾಳೆಯ ಚರಿಗಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತುಂಬ ನೀರು ಹಿಡಿದು, ಚಕ್ಕಡಿಯಲ್ಲಿ ಒಂದು ಹನಿಯೂ ತುಳುಕದಂತೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಯಾರೂ ಏನೂ ಕೇಳಲಿಲ್ಲ, ಪಾಪ, ಮೀರಜದ ಕಡೆಯ ಪದ್ಧತಿ ಇದ್ದೀತೆಂದು ತಿಳಿದಿದ್ದರು. ಹೊಲದಲ್ಲಿ ದೊಡ್ಡಮಾವನವರು ಕಡುಬು, ಸಜ್ಜೆಯ ರೊಟ್ಟಿ, ಪಲ್ಯೆಗಳನ್ನು ಕಲಸಿ, ಕಡಲೆ ಮತ್ತು ಕುಸುಬೆಯ ಸಾಲುಗಳ ನಡುವೆ ಕೂಗುತ್ತಾ ಎರಚಿ ಭೂಮಿತಾಯಿಗೆ ಉಣಿಸಿದಾಗ, ಚರಗ ಎಂದರೇನೆಂದು ಕಣ್ಣಿನಿಂದ ತಿಳಿಯಿತು. ನನ್ನ ಚರಿಗಿಯ ನೀರು ಎಲ್ಲರ ಕೈ ತೊಳೆಯಲು ಉಪಯೋಗವಾಯಿತು. ರವಿವಾರ ಗೋಡೆಗೆ ಮೊಳೆ ಹೊಡೆದು ನೆರೆಯವರಿಂದ ಮಾತು ಕೇಳಿಸಿಕೊಂಡೆಯಲ್ಲ, ಅವರ 'ರುಹೆ' ಎಂಬ ಶಬ್ದಕ್ಕೆ 'ಶಾಂತಿ' ಎಂಬ ಅರ್ಥ ನಿನ್ನ ಪುಸ್ತಕದಲ್ಲಿ ಮೊದಲೇ ಇತ್ತು. ಅದು ಹೆಚ್ಚಿನ ಅಂಗಡಿಗಳು ಮುಚ್ಚುವ, ಮೊಳೆಯ ಸದ್ದು ಸಹ ಸಲ್ಲದ ಒಂದು ಇಡೀ ದಿನ ಎಂಬುದು ಮೊಳೆ ಹೊಡೆದ ಮೇಲೆ ತಿಳಿಯಿತು.

ಆ ಒಂದು ಭಾಗದ ಪರೀಕ್ಷೆಯನ್ನಷ್ಟೇ ಮತ್ತೆ ಕೊಡಬಹುದೆಂದು ಹೇಳಿದ್ದೆ. ಫೀ ಕಟ್ಟಿಬಿಡು, ಮುಂದೂಡಬೇಡ.

ಮುಂದಿನ ತಿಂಗಳು ನಿನ್ನ ಗೆಳತಿ ಅಲ್ಲಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಎರಡು ಪೆಟ್ಟಿಗೆ ಧಾರವಾಡ ಪೇಢೆ ಕಳಿಸುತ್ತೇನೆ. ಒಂದು ನಿನಗೆ, ಇನ್ನೊಂದು ಬೇಕರಿಯ ಆ ಹೆಂಗಸಿಗೆ. ಎಮ್ಮೆಯ ಹಾಲನ್ನು ಎಷ್ಟು ಹೊತ್ತು ಕುದಿಸುತ್ತಾರೆ, ಖವೆಯನ್ನು ಹೇಗೆ ಕಂದು ಬಣ್ಣಕ್ಕೆ ಬರುವಂತೆ ಹುರಿಯುತ್ತಾರೆ, ಮೇಲೆ ಸಕ್ಕರೆ ಪುಡಿ ಏಕೆ ಎಂಬುದನ್ನೆಲ್ಲ ಅವಳ ಭಾಷೆಯಲ್ಲಿಯೇ ಹೇಳು, ಇಂಗ್ಲಿಷಿಗೆ ಹೊರಳಿದರೆ ಪೆಟ್ಟಿಗೆ ಕೊಡಬೇಡ. ಮರಾಠಿಯಲ್ಲಿ ಪೇಢಾ ಗಂಡು, ಕನ್ನಡದಲ್ಲಿ 'ಅದು'. ತಿಂದು ನೋಡಿ ಅವಳು ಅದನ್ನು ಡೆರ್ ಎನ್ನುತ್ತಾಳೋ, ಡೀ ಎನ್ನುತ್ತಾಳೋ, ಡಾಸ್ ಎನ್ನುತ್ತಾಳೋ, ಕೇಳಿ ಬರೆ.

ನಿನ್ನ
ಆಯಿ