ಈ ಬೇಸಿಗೆಯ ಸ್ಕೋರ್ ಪುಸ್ತಕ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ನಿನ್ನೆ ಸಂಜೆಯಿಂದ ಮಳೆ ಹಿಡಿದಿದೆ. ಬೆಳಿಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿದಾಗ ಒಂದು ಇಂಚು ಇಪ್ಪತ್ತು ಸೆಂಟು (ಸೆಂಟು ಎಂದರೆ ಇಂಚಿನ ನೂರನೇ ಭಾಗ) ಬಿದ್ದಿತ್ತು. ಇದು ನಡುವೆ ಬಂದು ಹೋಗುವ ಮಳೆಯಲ್ಲ, ಮುಂಗಾರೇ ಎಂದು ನಿನ್ನ ಅಮ್ಮ ಹೇಳಿದಳು. ಕಳೆದ ವಾರವೇ ನಾವು ಕ್ರಿಕೆಟ್ ಪಿಚ್ಚಿನ ಮ್ಯಾಟನ್ನು ಬಿಸಿಲಿಗೆ ಹರವಿ, ಧೂಳು ಬಡಿದು, ಸುತ್ತಿ, ಆರು ಜನ ಹೊತ್ತು ತಂದು ಅಟ್ಟಕ್ಕೆ ಏರಿಸಿದ್ದು ಒಳ್ಳೆಯದಾಯಿತು. ನೀನು ಮಂಗಳೂರಿಗೆ ಹೋದ ಮೇಲೆ ಬಂದ ಮೊದಲ ಬೇಸಿಗೆ ಇದು. ಆಟ ಹೇಗೆ ನಡೆಯಿತು ಎಂದು ಫೋನಿನಲ್ಲಿ ನೀನು ಎರಡು ಮೂರು ಸಲ ಕೇಳಿದ್ದೆ, ನಾನು ಚುಟುಕಾಗಿ ಉತ್ತರಿಸಿದ್ದೆ. ಫೋನಿನಲ್ಲಿ ಹೇಳಲು ಆಗದ ಒಂದು ಮಾತು ಇದೆ, ಅದಕ್ಕಾಗಿ ಈ ಪತ್ರ.

ಈ ವರ್ಷ ಗದ್ದೆಯನ್ನು ಆಟಕ್ಕೆ ಸಿದ್ಧ ಮಾಡಲು ಸ್ವಲ್ಪ ತಡವಾಯಿತು. ಭತ್ತದ ಕೊಯ್ಲು ಮುಗಿದಿದ್ದರೂ ಕಾಫಿ ಕೊಯ್ಲಿಗೆ ಆಳುಗಳು ಸಾಲದೆ, ನಮ್ಮ ಹುಡುಗರೆಲ್ಲ ರೋಬಸ್ಟಾ ಮುಗಿಯುವವರೆಗೆ ತೋಟದಲ್ಲೇ ಇದ್ದರು. ಮಾರ್ಚ್ ಮೊದಲ ಭಾನುವಾರ ಎಲ್ಲರೂ ಸೇರಿ ಕೂಳೆ ಕೆತ್ತಿ, ಮೂರು ಗದ್ದೆಗಳ ನಡುವಿನ ಬದುಗಳನ್ನು ಕಡಿದು ಸಮ ಮಾಡಿದೆವು. ಪಿಚ್ಚಿಗೆ ಹುತ್ತದ ಮಣ್ಣು ತಂದು, ಹುಡಿ ಮಾಡಿ, ಜರಡಿ ಹಿಡಿದು, ನೀರು ಹಾಕಿ ರೋಲರ್ ಎಳೆದು, ಕಾಫಿ ಒಣಗಿಸುವ ಕಣವನ್ನು ಸಾರಿಸುವ ಹಾಗೆ ಸಗಣಿ ಸಾರಿಸಿದೆವು. ಇಪ್ಪತ್ತೆರಡು ಗಜ ಉದ್ದದ ಆ ನೆಲ ಒಣಗಿದ ಮೇಲೆ ಬರಿಗಾಲಿನಲ್ಲಿ ನಡೆದರೆ ಹೇಗಿರುತ್ತದೆ ಎಂಬುದು ನಿನಗೆ ಗೊತ್ತಿದೆ. ಅದರ ಮೇಲೆ ಮ್ಯಾಟ್ ಹಾಸಿ, ನಾಲ್ಕೂ ಕಡೆ ಎಳೆದು ಬಿಗಿದು ಮೊಳೆ ಹೊಡೆದಾಗ ಇನ್ನು ಬೇಸಿಗೆ ಶುರುವಾಯಿತು ಎಂದು ಅನ್ನಿಸುತ್ತದೆ.

ಶುರುವಾದ ಎರಡನೇ ವಾರದಲ್ಲೇ ಕಾಫಿ ಗಿಡಗಳು ಹೂಬಿಡಲು ಬೇಕಾದ ಹೂಮಳೆ ಬಂತು. ನಮ್ಮ ಊರಿನಲ್ಲಿ ಪಂದ್ಯದ ದಿನ ಮಳೆ ಬಂದರೆ ಬೇಸರಪಡುವವರು ಯಾರೂ ಇಲ್ಲ, ಏಕೆಂದರೆ ಆಟಗಾರರ ಮನೆಗಳೆಲ್ಲ ನಡೆಯುವುದು ಆ ಮಳೆಯಿಂದಲೇ. ಆ ದಿನ ಪಂದ್ಯ ನಿಂತಿತು, ತೋಟಕ್ಕೆ ಒಂದು ಇಂಚಿಗೆ ಸ್ವಲ್ಪ ಕಡಿಮೆ ಸಿಕ್ಕಿತು, ಸುಮಾರು ಹತ್ತು ದಿನಗಳಲ್ಲಿ ಗದ್ದೆಯ ಮೇಲಿನ ಇಳಿಜಾರೆಲ್ಲ ಬಿಳಿಯಾಯಿತು. ಆ ಭಾನುವಾರ ಆಡಿದ ಪಂದ್ಯದಲ್ಲಿ ಹೂವಿನ ಪರಿಮಳ ಎಷ್ಟಿತ್ತೆಂದರೆ, ಮಡಿಕೇರಿಯ ಕಡೆಯಿಂದ ಬಂದಿದ್ದ ಅಂಪೈರ್ ಓವರಿನ ನಡುವೆ ನಿಂತು ಉಸಿರು ತುಂಬಿಕೊಳ್ಳುತ್ತಿದ್ದರು. ಏಪ್ರಿಲಿನಲ್ಲಿ ಕೊಡವ ಕುಟುಂಬಗಳ ಹಾಕಿ ನಡೆಯುವಾಗ ನಮ್ಮ ನಾಲ್ಕು ಆಟಗಾರರು ತಮ್ಮ ತಮ್ಮ ಕುಟುಂಬದ ತಂಡಗಳಿಗೆ ಹೋದರು, ಅದು ಪ್ರತಿವರ್ಷ ಇರುವುದೇ. ಮೇ ತಿಂಗಳಿನಲ್ಲಿ ಒಂದು ರಾತ್ರಿ ಹಲಸಿನ ಹಣ್ಣಿಗೆ ಬಂದ ಆನೆ ಗದ್ದೆಯನ್ನು ದಾಟಿ ಹೋಗಿತ್ತು. ಬೆಳಿಗ್ಗೆ ನೋಡಿದರೆ ಥರ್ಡ್ ಮ್ಯಾನ್ ನಿಲ್ಲುವ ಜಾಗದಲ್ಲಿ ಐದು ಹೆಜ್ಜೆಗಳು, ಮೊರದಷ್ಟು ಅಗಲ, ಗೇಣುದ್ದ ಆಳ. ಮ್ಯಾಟನ್ನು ಮಾತ್ರ ಅದು ತುಳಿದಿರಲಿಲ್ಲ.

ಹನ್ನೊಂದು ಪಂದ್ಯ ಆಡಿದೆವು, ಆರು ಗೆದ್ದೆವು. ಆಟದ ವಿಷಯ ಇಷ್ಟು ಸಾಕು.

ನಾನು ಹೇಳಬೇಕಾದದ್ದು ಸ್ಕೋರ್ ಪುಸ್ತಕದ ವಿಷಯ. ನಾಲ್ಕು ಬೇಸಿಗೆ ನೀನು ಬರೆದ ಪುಸ್ತಕವನ್ನು ಈ ವರ್ಷ ಯಾರೂ ಬರೆಯಲು ಒಪ್ಪದ ಕಾರಣ ನಾನೇ ತೆಗೆದುಕೊಂಡೆ. ಇಪ್ಪತ್ತು ವರ್ಷ ಆಡಿದವನಿಗೆ ಆಟವನ್ನು ಬರೆದಿಡುವುದು ಕಷ್ಟವಾಗದು ಎಂದು ನಾನು ತಿಳಿದಿದ್ದೆ. ಒಂದು ಎಸೆತವಾದರೆ ಅದನ್ನು ಬ್ಯಾಟರ್‌ನ ಸಾಲಿನಲ್ಲಿ, ಬೌಲರ್‌ನ ಚೌಕದಲ್ಲಿ, ಒಟ್ಟು ರನ್ನಿನ ಪಟ್ಟಿಯಲ್ಲಿ, ಹೀಗೆ ಮೂರು ಕಡೆ ಬರೆಯಬೇಕು, ಬರೆದು ತಲೆ ಎತ್ತುವಷ್ಟರಲ್ಲಿ ಮುಂದಿನ ಎಸೆತ ಬಂದಿರುತ್ತದೆ. ವೈಡಿಗೆ ಅಡ್ಡಗೆರೆ ಉದ್ದಗೆರೆ ಸೇರಿದ ಗುರುತು, ನೋ ಬಾಲಿಗೆ ಸೊನ್ನೆ, ಬೈಗೆ ತ್ರಿಕೋನ, ಬ್ಯಾಟಿಗಲ್ಲದೆ ಮೈಗೆ ತಾಗಿ ಬಂದ ರನ್ನಾದ ಲೆಗ್ ಬೈಗೆ ತಲೆಕೆಳಗಾದ ತ್ರಿಕೋನ. ಇವನ್ನೆಲ್ಲ ನೀನು ಹದಿನಾಲ್ಕನೇ ವಯಸ್ಸಿನಲ್ಲಿ ಒಬ್ಬಳೇ ಕಲಿತಿದ್ದೆ. ನಾನು ನಿನ್ನ ಹಳೆಯ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು, ನೋಡಿ ನೋಡಿ ಕಲಿತೆ.

ಏಪ್ರಿಲಿನ ಒಂದು ಪಂದ್ಯದಲ್ಲಿ ನನ್ನಿಂದ ಒಂದು ತಪ್ಪಾಯಿತು. ನಮ್ಮ ಎಡಗೈ ಸ್ಪಿನ್ನರ್ ಹುಡುಗನನ್ನು ನೀನು ಬಲ್ಲೆ, ಮೆಣಸು ಕೊಯ್ಯಲು ಹೋಗುವವನು, ಹೆಚ್ಚು ಮಾತನಾಡದವನು. ಅವನ ಓವರಿನ ನಾಲ್ಕನೇ ಎಸೆತ ಬ್ಯಾಟರ್‌ನ ಪ್ಯಾಡಿಗೆ ತಾಗಿ, ಕೀಪರ್‌ನ ಪಕ್ಕದಿಂದ ಹಾದು ಬದುವಿನವರೆಗೆ ಹೋಯಿತು. ಅಂಪೈರ್ ಮೊದಲು ಕೈ ಬೀಸಿ ಬೌಂಡರಿ ತೋರಿಸಿದರು. ನಾನು ಕೈ ಎತ್ತಿ ಒಪ್ಪಿಗೆ ಸೂಚಿಸಿ, ತಲೆ ತಗ್ಗಿಸಿ ಬ್ಯಾಟರ್‌ನ ಸಾಲಿನಲ್ಲಿ ನಾಲ್ಕು ಎಂದು ಬರೆದೆ. ಅದಾದ ಮೇಲೆ ಅವರು ಮೊಣಕಾಲು ಎತ್ತಿ ಅದನ್ನು ಮುಟ್ಟಿ ಲೆಗ್ ಬೈ ಎಂದು ತೋರಿಸಿದ್ದನ್ನು ನಾನು ನೋಡಲೇ ಇಲ್ಲ. ಎದುರು ತಂಡದ ಸ್ಕೋರರ್ ನನ್ನ ಪಕ್ಕದಲ್ಲಿ ಕುಳಿತಿದ್ದರೆ ಆಗಲೇ ತಿಳಿಯುತ್ತಿತ್ತು. ನಿಯಮದ ಪ್ರಕಾರ ಇಬ್ಬರು ಸ್ಕೋರರ್‌ಗಳು ಆಗಾಗ ಪರಸ್ಪರ ತಾಳೆ ನೋಡಬೇಕು. ಆದರೆ ಅವರು ನೆರಳಿಗಾಗಿ ಆಚೆಯ ಹಲಸಿನ ಮರದ ಕೆಳಗೆ ಇದ್ದರು, ನಾವು ಓವರಿಗೊಮ್ಮೆ ಒಟ್ಟು ರನ್ನನ್ನು ಮಾತ್ರ ಕೂಗಿ ಹೇಳಿಕೊಳ್ಳುತ್ತಿದ್ದೆವು.

ಅವರ ತಂಡದ ಒಟ್ಟು ರನ್ 141, ಅವರ ಪುಸ್ತಕದಲ್ಲೂ ಅಷ್ಟೇ, ನಮ್ಮ ಪುಸ್ತಕದಲ್ಲೂ ಅಷ್ಟೇ. ಬ್ಯಾಟರ್‌ಗಳ ರನ್ನಿಗೆ ಇತರೆ ರನ್ ಕೂಡಿಸಿದರೆ ಲೆಕ್ಕ ಸರಿಹೊಂದುತ್ತಿತ್ತು. ಬೌಲರ್‌ಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಸೇರಿಸಿದರೂ ಸರಿಹೊಂದುತ್ತಿತ್ತು. ಮೇ ಕೊನೆಯಲ್ಲಿ ಇಡೀ ಬೇಸಿಗೆಯ ಅಂಕಿಅಂಶ ತೆಗೆಯುವಾಗ, ಆ ಊರಿನವರು ತಮ್ಮ ಪುಟದ ಫೋಟೋ ಕಳುಹಿಸಿದ್ದರಿಂದ ವ್ಯತ್ಯಾಸ ಕಣ್ಣಿಗೆ ಬಿತ್ತು. ನನ್ನ ಪುಸ್ತಕದಲ್ಲಿ ನಮ್ಮ ಹುಡುಗ ನಾಲ್ಕು ಓವರಿಗೆ 18 ರನ್ ಕೊಟ್ಟಿದ್ದ, ಮೇಡನ್ (ಬೌಲರ್ ಒಂದೂ ರನ್ ಕೊಡದ ಓವರ್) ಇಲ್ಲ. ಅವರ ಪುಸ್ತಕದಲ್ಲಿ 14 ರನ್, ಒಂದು ಮೇಡನ್. ಲೆಗ್ ಬೈ ಬೌಲರ್‌ನ ಲೆಕ್ಕಕ್ಕೆ ಸೇರದಿರುವುದರಿಂದ ಅದು ಮೇಡನ್ ಓವರೇ ಆಗಿತ್ತು. ಅವರ ಬ್ಯಾಟರ್ ನಮ್ಮ ಬೋರ್ಡಿನಲ್ಲಿ 51 ಎಂದು ನೋಡಿ ಬ್ಯಾಟ್ ಎತ್ತಿದ್ದ, ಅವನು ನಿಜವಾಗಿ ಹೊಡೆದದ್ದು 47.

ಮರುದಿನ ಬೈಕ್ ತೆಗೆದುಕೊಂಡು ಸಿದ್ದಾಪುರದ ಆಚೆಗೆ ಹೋಗಿ ಆ ಬ್ಯಾಟರ್ ಹುಡುಗನನ್ನು ಕಂಡು ವಿಷಯ ಹೇಳಿದೆ. ಅವನು, "ನಮ್ಮ ಪುಸ್ತಕದಲ್ಲಿ ಅಂದೇ ನಲವತ್ತೇಳು ಎಂದು ನೋಡಿದ್ದೆ ಅಂಕಲ್, ಪ್ಯಾಡಿಗೆ ತಾಗಿದ್ದು ನನಗೂ ಗೊತ್ತಿತ್ತು" ಎಂದ. ವಾಪಸು ಬಂದು ನಮ್ಮ ಹುಡುಗನಿಗೆ ಪುಟ ತೋರಿಸಿದೆ. ನಾಲ್ಕನ್ನು ಹೊಡೆದುಹಾಕಿ, ತಲೆಕೆಳಗಾದ ತ್ರಿಕೋನ ಬರೆದು, ಆ ಓವರಿನ ಚುಕ್ಕೆಗಳನ್ನು ಅವನ ಎದುರಿಗೇ ಗೆರೆಯಿಂದ ಕೂಡಿಸಿ ಮೇಡನ್ನಿನ ಗುರುತು ಮಾಡಿದೆ. ಅವನು ಆ ಗುರುತನ್ನು ಬಹಳ ಹೊತ್ತು ನೋಡಿದ. "ಇದು ಮೇಡನ್ ಅಂತ ಅವತ್ತೇ ಗೊತ್ತಿತ್ತು, ಹೇಳುವುದು ಹೇಗೆ ಅಂತ ಸುಮ್ಮನಿದ್ದೆ" ಎಂದ. ಒಟ್ಟು ಸರಿಯಿದ್ದರೂ ಒಬ್ಬನ ದುಡಿಮೆ ಇನ್ನೊಬ್ಬನ ಹೆಸರಿಗೆ ಹೋಗಿರಬಹುದು, ಮತ್ತು ಅನ್ಯಾಯವಾದವನು ಅದನ್ನು ತಿಳಿದೂ ಬಾಯಿ ಬಿಡದೆ ಇರಬಹುದು ಎಂಬುದು ನನಗೆ ಅಂದಿನಿಂದ ಕೊರೆಯತೊಡಗಿತು.

ಅದೇ ರಾತ್ರಿ, ಲೆಗ್ ಬೈಗಳನ್ನು ನೀನು ಹೇಗೆ ನಿಭಾಯಿಸಿದ್ದೆ ಎಂದು ನೋಡಲು ನಿನ್ನ 2024ರ ಪುಸ್ತಕ ತೆಗೆದೆ. ಪ್ರತಿ ಓವರಿನ ಕೊನೆಗೆ ಅಂಚಿನಲ್ಲಿ ಒಂದು ಸಣ್ಣ ಸರಿ ಗುರುತು, ಎದುರು ತಂಡದ ಪುಸ್ತಕದೊಂದಿಗೆ ಬೌಲರ್ ಲೆಕ್ಕವನ್ನೂ ತಾಳೆ ನೋಡಿದ್ದಕ್ಕೆ. ಒಂದು ಪಂದ್ಯದಲ್ಲೂ ಅದು ತಪ್ಪಿಲ್ಲ. ಪುಟ ತಿರುವುತ್ತಾ ಕೊನೆಗೆ ಬಂದೆ. ಕಡೆಯ ಎರಡು ಪುಟಗಳಲ್ಲಿ ಪೆನ್ಸಿಲಿನಲ್ಲಿ, ಬೌಲರ್‌ಗಳ ಪಟ್ಟಿಯಲ್ಲಿ ಒಂದೇ ಹೆಸರು, ನಿನ್ನದು. ತಾರೀಖು, "ಕಣ, ಗೋಡೆಗೆ" ಎಂಬ ಎರಡು ಪದ, ಮುಂದೆ ಆರು ಚೌಕಗಳು. ಸುಣ್ಣದಲ್ಲಿ ಗೋಡೆಗೆ ಬರೆದ ಸ್ಟಂಪಿಗೆ ತಾಗಿದ ಎಸೆತಕ್ಕೆ ಒಂದು ಗುರುತು, ತಾಗದ್ದಕ್ಕೆ ಚುಕ್ಕೆ. ಏಪ್ರಿಲಿನಲ್ಲಿ ಆರಕ್ಕೆ ಎರಡು, ಮೇ ಕೊನೆಗೆ ಆರಕ್ಕೆ ನಾಲ್ಕು, ಒಂದು ದಿನ ಆರಕ್ಕೆ ಆರು. ಕಣದ ಗೋಡೆಯ ಮೇಲಿನ ಸುಣ್ಣದ ಗೆರೆಗಳನ್ನು ನಾನು ಎಷ್ಟೋ ಸಲ ನೋಡಿದ್ದೆ, ಊರಿನ ಹುಡುಗರದ್ದು ಎಂದುಕೊಂಡಿದ್ದೆ.

ಒಂಬತ್ತನೇ ತರಗತಿಯ ಬೇಸಿಗೆಯಲ್ಲಿ ನೀನು ಆಡುತ್ತೇನೆ ಎಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಲೆದರ್ ಬಾಲ್, ಪೆಟ್ಟಾಗುತ್ತದೆ, ಹುಡುಗರ ನಡುವೆ ಒಬ್ಬಳೇ ಹುಡುಗಿ, ಹತ್ತು ಜನ ಹತ್ತು ಮಾತು ಆಡುತ್ತಾರೆ ಎಂದು ನಾನು ಹೇಳಿದೆ. ನಿನ್ನ ಮುಖ ಬಾಡಿದ್ದನ್ನು ಕಂಡು ಸ್ಕೋರ್ ಪುಸ್ತಕ ಕೈಗೆ ಕೊಟ್ಟೆ. ನೀನು ಒಂದು ಮಾತನ್ನೂ ಆಡದೆ ತೆಗೆದುಕೊಂಡೆ, ನಾನು ಅದನ್ನು ಸಮಾಧಾನ ಎಂದು ತಿಳಿದೆ. ನನಗೆ ತಿಳಿವಳಿಕೆ ಇರಲಿಲ್ಲ ಎಂದು ಹೇಳುವಂತಿಲ್ಲ. ಶಾಂತಾ ರಂಗಸ್ವಾಮಿ 1976ರಲ್ಲೇ ಭಾರತ ತಂಡದ ನಾಯಕಿಯಾಗಿದ್ದರು ಎಂಬುದು ನನಗೆ ಗೊತ್ತಿತ್ತು. ಚಿಕ್ಕಮಗಳೂರು ಜಿಲ್ಲೆಯ ಕಡೂರಿನಿಂದ ವೇದಾ ಕೃಷ್ಣಮೂರ್ತಿ ಭಾರತ ತಂಡಕ್ಕೆ ಹೋದದ್ದೂ ಗೊತ್ತಿತ್ತು. ದೂರ ಏಕೆ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬ ಹಾಕಿಯಲ್ಲಿ ಮನೆಯ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಜೊತೆಗೇ ಸ್ಟಿಕ್ ಹಿಡಿದು ಇಳಿಯುವುದನ್ನು ನಾನು ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿ ನೋಡಿದ್ದೇನೆ. ಬೇರೆಯವರ ಮಗಳು ಆಡಿದರೆ ಚಪ್ಪಾಳೆ, ನನ್ನ ಮಗಳು ಕೇಳಿದರೆ ಪುಸ್ತಕ. ಅದು ನನ್ನ ತಪ್ಪು ಮಗಳೇ. ನಾಲ್ಕು ಬೇಸಿಗೆ ನಿನಗೆ ಸಲ್ಲಬೇಕಾದದ್ದು ನಿನಗೆ ಸಲ್ಲಲಿಲ್ಲ, ನೀನು ಕಳೆದುಕೊಂಡ ಆ ವಯಸ್ಸನ್ನು ನಾನು ತಿರುಗಿ ಕೊಡಲಾರೆ.

2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ನಾನು, ನಿನ್ನ ಅಮ್ಮ ಟಿವಿಯ ಮುಂದೆ ಎಚ್ಚರವಾಗಿಯೇ ಇದ್ದೆವು. ನೀನು ಹಾಸ್ಟೆಲಿನಿಂದ ಫೋನ್ ಮಾಡಿ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತ್ತು. ಫೋನ್ ಇಟ್ಟ ಮೇಲೆ ನಿನ್ನ ಅಮ್ಮ, "ಅವಳೂ ಕೇಳಿದ್ದಳಲ್ಲ" ಎಂದಳು. ಅಷ್ಟೇ ಹೇಳಿದಳು, ಮುಂದೆ ಮಾತನಾಡಲಿಲ್ಲ.

ಈ ಬೇಸಿಗೆ ಗದ್ದೆಗೆ ಐದು ಹುಡುಗಿಯರು ಬಂದರು. ಇಬ್ಬರು ತೋಟದ ಕಾರ್ಮಿಕರ ಲೈನ್ ಮನೆಯವರು, ಒಬ್ಬಳು ಅಂಗಡಿಯವರ ಮಗಳು, ಇನ್ನಿಬ್ಬರು ಅಕ್ಕತಂಗಿಯರು, ತಂಗಿ ಇನ್ನೂ ಆರನೇ ತರಗತಿ. ಕ್ಲಬ್ಬಿನ ಸಭೆಯಲ್ಲಿ ಒಬ್ಬರು, ಮ್ಯಾಟ್ ಹಾಳಾಗುತ್ತದೆ ಎಂದರು. ಹುಡುಗರ ಕಾಲಿನಿಂದ ಹಾಳಾಗದ ಮ್ಯಾಟ್ ಹುಡುಗಿಯರ ಕಾಲಿನಿಂದ ಹೇಗೆ ಹಾಳಾಗುತ್ತದೆ ಎಂದು ಕೇಳಿದೆ. ವಾರಕ್ಕೆ ಮೂರು ಸಂಜೆ ಅವರಿಗೆ ಎಂದು ತೀರ್ಮಾನವಾಯಿತು. ಮಹಿಳೆಯರ ಲೆದರ್ ಬಾಲ್ ಬೇರೆಯೇ ಇರುತ್ತದೆ, 140ರಿಂದ 151 ಗ್ರಾಂ ತೂಕ, ಪುರುಷರದ್ದು 156ರಿಂದ 163 ಗ್ರಾಂ. ಸಣ್ಣ ಕೈಗೆ ದೊಡ್ಡ ಚೆಂಡು ಕೊಟ್ಟರೆ ಹಿಡಿತ ತಪ್ಪಾಗಿ ಕೂರುತ್ತದೆ ಎಂದು ಮೈಸೂರಿನಿಂದ ಅರ್ಧ ಡಜನ್ ತರಿಸಿದೆ. ಮೇ ಕೊನೆಯ ಭಾನುವಾರ ಹುಡುಗರು ಹುಡುಗಿಯರು ಸೇರಿ ಎಂಟು ಓವರಿನ ಪಂದ್ಯ ಆಡಿದರು. ಅಂಗಡಿಯವರ ಮಗಳು ಒಂದು ಕ್ಯಾಚ್ ಹಿಡಿದಳು. ಬಿಸಿಲಿಗೆ ಎದುರಾಗಿ ಹಿಂದಕ್ಕೆ ಓಡಿ, ಬದುವಿಗೆ ಎಡವಿ ಬಿದ್ದರೂ ಚೆಂಡು ಬಿಡಲಿಲ್ಲ. ಆ ಪಂದ್ಯದ ಪುಟವನ್ನು ನಿನ್ನ ಹಾಗೆಯೇ, ಓವರಿಗೊಮ್ಮೆ ಸರಿ ಗುರುತು ಹಾಕಿ ಬರೆದಿದ್ದೇನೆ.

ಕಡಿದ ಬದುಗಳನ್ನೆಲ್ಲ ಮತ್ತೆ ಕಟ್ಟಿ ಗದ್ದೆಯನ್ನು ಅದರ ಯಜಮಾನರಿಗೆ ಒಪ್ಪಿಸಿದ್ದೇವೆ. ಅವರು ಇನ್ನು ಬಿತ್ತನೆಯ ಬೀಜ ನೆನೆಸುತ್ತಾರೆ. ಅಟ್ಟದಲ್ಲಿ ಮ್ಯಾಟಿನ ಪಕ್ಕದಲ್ಲಿ ನಿನ್ನ ಮೂರು ಪುಸ್ತಕಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ತಾಗದಂತೆ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. 2024ರದ್ದನ್ನು ಮಾತ್ರ ಮೇಜಿನ ಮೇಲೆ ಉಳಿಸಿಕೊಂಡಿದ್ದೇನೆ. ಕಣದ ಗೋಡೆಗೆ ಈ ಸಲ ಸುಣ್ಣ ಬಳಿಯುವಾಗ ಆ ಮೂರು ಗೆರೆಗಳ ಜಾಗವನ್ನು ಬಿಟ್ಟು ಬಳಿಯಲು ಹೇಳಿದ್ದೇನೆ.

ಡಿಸೆಂಬರ್ ರಜೆಗೆ ಬರುವಾಗ ಕಾಲಿಗೆ ಗಟ್ಟಿಯಾದ ಶೂ ತೆಗೆದುಕೊಂಡು ಬಾ. ಆ ಹೊತ್ತಿಗೆ ಭತ್ತದ ಕೊಯ್ಲು ಮುಗಿದಿರುತ್ತದೆ, ಕೂಳೆ ಕೆತ್ತುವ ಮೊದಲೇ ಒಂದು ಪಟ್ಟಿಯಷ್ಟು ಜಾಗ ಸಮ ಮಾಡಿ ಮ್ಯಾಟ್ ಹಾಸಿಸುತ್ತೇನೆ. ಹೊಸ ಚೆಂಡು ಎರಡು ನಿನಗಾಗಿ ಎತ್ತಿಟ್ಟಿದ್ದೇನೆ. ನೀನು ಬೌಲಿಂಗ್ ಮಾಡು, ಪುಸ್ತಕ ನಾನು ಬರೆಯುತ್ತೇನೆ.

ನಿನ್ನ,
ಅಪ್ಪ